ಗಲ್ಲದಜ್ಜಿಯ ನಿದ್ದೆ

ಜನವರಿ 12

ಎದುರಿನವಳೇ,

ಇಷ್ಟು ವರ್ಷಗಳ ಮೇಲೆ ನನ್ನ ಅಕ್ಷರ ಕಂಡು ನೀನು ಮೊದಲು ಬೈಯುತ್ತೀಯ, ಆಮೇಲೆ ಓದುತ್ತೀಯ. ಬೈದು ಮುಗಿದಿದ್ದರೆ ಮುಂದಕ್ಕೆ ಓದು.

ಹೇಳಿಕೊಳ್ಳಲು ನಾಚಿಕೆಯಾಗುವ ಸುದ್ದಿ ಇದು. ಹಬೆ, ಬೆವರು, ಮುಷ್ಕರ, ಲಾಠಿ ಎಂದು ಉಸಿರು ಕಟ್ಟಿ ನಾನು ಬರೆದ ಕಾದಂಬರಿಗಳೆಲ್ಲ ಗ್ರಂಥಾಲಯದ ಕಪಾಟಿನಲ್ಲಿ ಗೋಡೆಗೆ ಮುಖ ಮಾಡಿ ನಿಂತಿವೆ. ಒಂದು ನಾಯಿಯೂ ಮೂಸುತ್ತಿಲ್ಲ. ಜನಕ್ಕೆ ಬೇಕಾಗಿರುವುದು ನನ್ನ ತಮಾಷೆ ಪದ್ಯಗಳಂತೆ! ಲಾಂಡ್ರಿಯಲ್ಲಿ ನೀನೂ ನಾನೂ ಎದುರುಬದುರು ನಿಂತು ಶೀಟು ಮಡಿಸುವಾಗ ಕೈಗೆ ತಾಳ ಸಿಗಲಿ ಎಂದು ಕಟ್ಟುತ್ತಿದ್ದೆನಲ್ಲ, ಸೋಪಿನ ಮೇಲೆ, ಜೋಡಿ ಕಳೆದುಕೊಂಡ ಕಾಲುಚೀಲದ ಮೇಲೆ, ಆಸ್ಪತ್ರೆಯ ಗೌನಿನ ಮೇಲೆ, ಅವೇ. ಪ್ರಕಾಶಕ ಯಾವುದೋ ಪುಸ್ತಕದ ಕೊನೆಯಲ್ಲಿ ಹಾಳೆ ಉಳಿಯಿತೆಂದು ಅವನ್ನು ತುರುಕಿದ್ದ. ಒಬ್ಬ ಸಂಗೀತಗಾರನ ಕಣ್ಣಿಗೆ ಬಿದ್ದವು. ಅವನು ಹಾಡಿಸಿದ್ದನ್ನು ಕೇಳಿ ಇನ್ನೊಬ್ಬಳು, ಅವಳ ಮೇಲೆ ಹಟಕ್ಕೆ ಬಿದ್ದು ಮತ್ತೊಬ್ಬ. ಈಗ ಒಂದೇ ಪದ್ಯಕ್ಕೆ ಬೇರೆ ಬೇರೆ ಧಾಟಿ. ಪುರಭವನದ ಸಮಿತಿಯವರು ಎಲ್ಲರನ್ನೂ ಒಂದೇ ವೇದಿಕೆಗೆ ಹತ್ತಿಸಿ ಒಂದು ಸಂಜೆ ನಡೆಸುತ್ತಾರಂತೆ.

ಚಳವಳಿಯ ಹಳೆಯ ಗೆಳೆಯನೊಬ್ಬ ದಾರಿಯಲ್ಲಿ ಸಿಕ್ಕಿ, “ಏನಮ್ಮಾ, ಕ್ರಾಂತಿ ಬಿಟ್ಟು ಕಾಲುಚೀಲ ಹಿಡಿದೆಯಂತೆ?” ಎಂದ. ನಗಲು ಹೋದೆ. ಮುಖ ಸುಟ್ಟಂತಾಯಿತು.

ನಮ್ಮ ‘ಮೂಲೆ ಹಿಡಿಯೆ’ ನೆನಪಿದೆಯಾ? ಎಲ್ಲರ ಕಣ್ಣೂ ಅದರ ಮೇಲೆ. ನಿನ್ನಮ್ಮ ಹೇಗಿದ್ದಾರೆ, ನಮ್ಮ ಗಲ್ಲದಜ್ಜಿ? ಕಾರ್ಯಕ್ರಮಕ್ಕೆ ಇಬ್ಬರೂ ಬರಬೇಕು.

ನಿನ್ನ
ಗೀಚುಬುರುಕಿ


ಜನವರಿ 27

ಗೀಚುಬುರುಕಿ ಮೇಡಮ್ಮಾ,

ಬೈದು ಮುಗಿದಿಲ್ಲ. ಉಳಿದಿದ್ದು ಮುಖಾಮುಖಿ ಸಿಕ್ಕಾಗ.

ನಿನ್ನ ಮೊದಲನೇ ಕಾದಂಬರೀಲಿ ನನ್ನ ಸಂಸಾರ ಮುರಿದುಬಿದ್ದಿದ್ದನ್ನ ನನಗಿಂತ ಚೆನ್ನಾಗಿ ಬರೆದಿದ್ದೆ. ಅವತ್ತಿಂದ ನಾನು ಮಾತು ಬಿಟ್ಟೆ. ಯಾಕೆ ಅಂತ ನೀನೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ಹೋಗ್ಲಿ, ಆ ಬಟ್ಟೆ ಒಗೆದಾಯ್ತು.

ನಾನಿನ್ನೂ ಅದೇ ಲಾಂಡ್ರೀಲಿ ಇದ್ದೀನಿ. ಮಡಿಸೋಕೆ ಮಷೀನು ಬಂದಿದೆ. ಆದರೆ ದೊಡ್ಡ ಶೀಟು ಅದರ ಬಾಯಿಗೆ ಹಿಡಿಯಲ್ಲ, ಹರಿದಿದ್ದನ್ನ ಇನ್ನೂ ಹರಿದುಹಾಕುತ್ತೆ. ಅದಕ್ಕೆ ನಾವು ಉಳ್ಕೊಂಡಿದ್ದೀವಿ. ಹೊಸ ಹುಡುಗಿಯರಿಗೂ ನಿನ್ನ ಪದ್ಯ ಬಾಯಿಪಾಠ. ಯಾರು ಕಟ್ಟಿದ್ದು ಅಂತ ಗೊತ್ತಿಲ್ಲ, ನಾನೂ ಹೇಳಿಲ್ಲ.

ಮೂಲೆ ಹಿಡಿಯೆ, ಮೂಲೆ ನೀಡೆ,
ಬೆಟ್ಟದಷ್ಟು ಬಟ್ಟೆ ನೋಡೆ;
ಕೂತಲ್ಲೇ ನಿದ್ದೆ, ತಿಂದಲ್ಲೇ ತೇಗು,
ಯಾರೇ ಅದು?
ಎಬ್ಬಿಸಬೇಡ, ಎದ್ದರೆ ಕೂಗು!

‘ಯಾರೇ ಅದು’ ಅಂದಮೇಲೆ ಇವರೂ ಬಾಯಿ ಮುಚ್ಕೊಂಡು ಶೀಟು ಕೊಡವ್ತಾರೆ, ಛಟ್ ಅಂತ. ಗಾಜಿನ ಕೋಣೇಲಿ ಬಾಯಿ ಕಳ್ಕೊಂಡು ನಿದ್ದೆ ಹೊಡೀತಿದ್ದ ನಮ್ಮ ಸೂಪರ್‌ವೈಸರು ಆ ಸದ್ದಿಗೆ ಬೆಚ್ಚಿಬಿದ್ದು ಎದ್ದು ಕೂರ್ತಿದ್ದನಲ್ಲ! ಹೆಸರು ಹೇಳಿದ್ರೆ ಕೆಲಸ ಹೋಗುತ್ತೆ, ಶೀಟು ಕೊಡವಿದ್ರೆ ಯಾರೂ ಏನೂ ಅನ್ನೋ ಹಾಗಿಲ್ಲ. ನಿನ್ನ ಸಂಗೀತದವರಿಗೆ ಹೇಳು, ಆ ಜಾಗ ಹಾಗೇ ಬಿಡಬೇಕು. ಅಲ್ಲಿ ಮಾತು ಬರಬಾರದು.

ಅಮ್ಮ ಚೆನ್ನಾಗಿದ್ದಾಳೆ. ಬೀದಿ ಕಡೆ ಕಿಟಕಿ ಪಕ್ಕ ಕುರ್ಚಿ ಹಾಕಿದ್ದೀನಿ. ಊಟ ಆದಮೇಲೆ ಅಲ್ಲೇ ಕತ್ತು ವಾಲಿಸ್ಕೊಂಡು ಹಾಯಾಗಿ ಮಲಗ್ತಾಳೆ. ಜೀವಮಾನವೆಲ್ಲ ಲಾಂಡ್ರೀಲಿ ನಿಂತೇ ಇದ್ದ ಕಾಲು, ಈಗ ಕೂತಿದೆ. ಟವಲ್ಲು ಕೈಗೆ ಸಿಕ್ಕಿದ್ರೆ ಮಾತ್ರ ಈಗಲೂ ಗಲ್ಲದ ಕೆಳಗೆ ಸಿಕ್ಕಿಸ್ಕೊಂಡೇ ಮಡಿಸೋದು. ಎದುರಿಗೆ ನಾನು ಇದ್ದೀನಲ್ಲಮ್ಮ ಅಂದ್ರೂ ಕೇಳಲ್ಲ.

ಎದುರಿನವಳು


ಫೆಬ್ರವರಿ 22

ಎದುರಿನವಳೇ,

ನಿನ್ನ ಕಾಗದವನ್ನು ಮತ್ತೆ ಮತ್ತೆ ಓದಿದೆ. ಆ ಛಟ್ ಸದ್ದು ಕಿವಿಯಲ್ಲೇ ಇದೆ.

ಸಂಗೀತದವರ ಪಾಡು ಕೇಳು. ನಾಟಕದ ಮಂಡಳಿಗೆ ನುಡಿಸುವವನೊಬ್ಬ ಇದ್ದಾನೆ, ಗಡ್ಡದವನು. ಅವನು ಆ ಖಾಲಿ ಜಾಗದಲ್ಲಿ ಡೋಲು ಗುದ್ದುತ್ತಾನೆ, ಯಾರೋ ಮೆಟ್ಟಿಲಿಂದ ಉರುಳಿ ಬಿದ್ದ ಹಾಗೆ. ಪಿಟೀಲಿನ ಟೀಚರಮ್ಮ ಅಲ್ಲಿ ಕಮಾನು ಉದ್ದಕ್ಕೆ ಎಳೆದು ಎಳೆದು ಅಳಿಸುತ್ತಾಳೆ. ನಿದ್ದೆ ಹೋದವನು ಸತ್ತೇಹೋದನೇನೋ ಅನಿಸುತ್ತದೆ. ಮೂರನೆಯವನು ಮಕ್ಕಳ ಮೇಳ ಕಟ್ಟಿರುವ ಮೇಷ್ಟ್ರು. ಅವನ ಧಾಟಿ ಒಮ್ಮೆ ಕಿವಿಗೆ ಬಿದ್ದರೆ ಬಿಡುವುದಿಲ್ಲ, ಅಂಟಿದ ಗೋಂದು. ಅವನಿಗೆ ಆ ಖಾಲಿ ಜಾಗ ಬೇಡವೇ ಬೇಡ. “ಅಲ್ಲಿ ಸುಮ್ಮನಾದ್ರೆ ಜನ ಕೆಮ್ಮೋಕೆ ಶುರು ಮಾಡ್ತಾರೆ ಮೇಡಂ. ಮಕ್ಕಳಿಗೆ ಕೂಗೋಕೆ ಒಂದು ಪದ ಬೇಕು. ಮೂಲದಲ್ಲಿ ಏನಿತ್ತು ಹೇಳಿಬಿಡಿ” ಎಂದು ಬೆನ್ನು ಹತ್ತಿದ.

ಸಮಿತಿಯ ಸಭೆಯಲ್ಲೂ ಅದೇ ಮಾತು ಬಂತು. ಎಲ್ಲರೂ ಕೂತಿದ್ದರು, ಚಹಾ ಆರುತ್ತಿತ್ತು, ಏನೋ ಒಂದು ಹೇಳಿ ಮುಗಿಸಿದೆ. ದೊಡ್ಡ ವಿಷಯವೇನಲ್ಲ ಬಿಡು. ಸಮಿತಿಯ ಅಧ್ಯಕ್ಷರು ಯಾರೆಂದು ಗೊತ್ತಾದರೆ ನೀನು ನಗುತ್ತೀಯ. ಅದನ್ನು ಎದುರು ಸಿಕ್ಕಾಗ ಹೇಳುತ್ತೇನೆ.

ಅಜ್ಜಿಗೆ ನನ್ನ ನೆನಪು ಹೇಳು.

ಗೀಚುಬುರುಕಿ


ಮಾರ್ಚ್ 30

ಏನೋ ಒಂದು ಹೇಳಿ ಮುಗಿಸಿದೆ ಅಂದೆಯಲ್ಲ, ಆ ಏನೋ ಒಂದು ನನ್ನಮ್ಮ.

ನಿನ್ನ ಮೇಷ್ಟ್ರ ಮಕ್ಕಳ ಮೇಳ ರೇಡಿಯೋದಲ್ಲಿ ಬಂತು. ಲಾಂಡ್ರೀಲಿ ಹುಡುಗೀರು ಸದ್ದು ಜೋರು ಮಾಡಿ, “ಅಕ್ಕಾ, ನಮ್ಮ ಹಾಡು, ನಮ್ಮ ಹಾಡು!” ಅಂತ ಕುಣಿದ್ರು. ‘ಯಾರೇ ಅದು?’ ಅಂತ ಮಕ್ಕಳು ಕೇಳಿದ್ವು. ನಾವೆಲ್ಲ ಶೀಟು ಎತ್ತಿ ಹಿಡಿದಿದ್ವಿ. ‘ಗಲ್ಲದಜ್ಜಿ!’ ಅಂತ ಕೂಗಿದ್ವು. ಎತ್ತಿದ ಶೀಟು ಎತ್ತಿದ ಹಾಗೇ ಉಳೀತು. ಹುಡುಗೀರು ನನ್ನ ಮುಖ ನೋಡಿದ್ರು. ಅವರಲ್ಲಿ ಅರ್ಧ ಜನಕ್ಕೆ ಕೆಲಸ ಕಲಿಸಿದ್ದು ಅಮ್ಮ.

ಈಗ ನಮ್ಮ ಬೀದಿ ಮಕ್ಕಳು ಶಾಲೆಯಿಂದ ಬರ್ತಾ ಕಿಟಕಿ ಹತ್ರ ನಿಂತು ಗಲ್ಲ ಎದೆಗೊತ್ತಿ ಕುಣೀತಾರೆ. ಅವರಿಗೇನು ಗೊತ್ತು, ಅವು ಮಕ್ಕಳು. ಅಮ್ಮ ಮೊದಲ ದಿನ ನಕ್ಕಳು. ಎರಡನೇ ದಿನ ಕೇಳಿದಳು, “ನಾನು ಕೆಲಸದಲ್ಲಿ ನಿದ್ದೆ ಮಾಡ್ತಿದ್ದೆನೇನೇ?”

ಇಲ್ಲಮ್ಮ ಅಂದೆ.

“ಮತ್ತೆ ರೇಡಿಯೋದವರು ಯಾಕೆ ಹೇಳ್ತಾರೆ?”

ನೀನು ಹೇಳು, ನಾನು ಏನು ಉತ್ತರ ಕೊಡ್ಲಿ.

ಗಲ್ಲದಜ್ಜಿಯ ಮಗಳು


ಏಪ್ರಿಲ್ 7

ಪ್ರಿಯ ಗೆಳತಿ,

ನಿನ್ನ ಪತ್ರ ತಲುಪಿತು. ನಿನ್ನ ನೋವು ನನಗೆ ಅರ್ಥವಾಗುತ್ತದೆ. ಆದರೆ ಒಂದು ಪದ್ಯವು ಬರೆದವರ ಕೈಬಿಟ್ಟ ಮೇಲೆ ಅದರಲ್ಲಿ ಬರುವ ವ್ಯಕ್ತಿ ಒಂದು ಪಾತ್ರ ಮಾತ್ರ. ‘ಗಲ್ಲದಜ್ಜಿ’ ಎಂಬ ಪದ ಅದರ ನಾದಕ್ಕಾಗಿ, ಲಯಕ್ಕಾಗಿ ಬಂದದ್ದು. ಕೇಳುವವರು ಅದನ್ನು ಯಾವ ಊರಿನ, ಯಾವ ಮನೆಯ ಅಜ್ಜಿ ಎಂದೂ ಯೋಚಿಸುವುದಿಲ್ಲ. ಎಷ್ಟೋ ಜನ ಪ್ರೀತಿಯಿಂದಲೇ ಹಾಡುತ್ತಿದ್ದಾರೆ. ಒಂದು ರೀತಿಯಲ್ಲಿ ಇದು ನಿನ್ನ ತಾಯಿಯವರಿಗೆ ಸಂದ ಗೌರವವೆಂದೂ ತಿಳಿಯಬಹುದು. ತಿಳಿಹಾಸ್ಯದ ಮನೋಧರ್ಮವನ್ನು ನಾವು ಹಿರಿಯರಿಗೂ ಮೆಲ್ಲಗೆ ಮನವರಿಕೆ ಮಾಡಿಕೊಡಬೇಕು.

ನಿನ್ನ ಹಿತೈಷಿ
(ಸಹಿ)


ಏಪ್ರಿಲ್ 15

ಹಿತೈಷಿಯವರೇ,

ಸಹಿ ಚೆನ್ನಾಗಿದೆ. ಪುಸ್ತಕದ ಮೇಲೆ ಹಾಕೋದೂ ಇದನ್ನೇ ತಾನೇ?

ಪಾತ್ರವಂತೆ, ನಾದವಂತೆ, ಲಯವಂತೆ. ಆ ಹೆಸರು ಎಲ್ಲಿಂದ ಬಂತು ಅಂತ ನಿನ್ನ ಲಯಕ್ಕೆ ಮರೆತುಹೋಯ್ತಾ? ರಾತ್ರಿಯೆಲ್ಲ ಕೂತು ಗೀಚಿ, ಬೆಳಿಗ್ಗೆ ಕೆಲಸಕ್ಕೆ ಬಂದು, ಕೊನೇ ಮೇಜಿನ ಕೆಳಗೆ ಕೊಳೆ ಬಟ್ಟೆ ಗಂಟಿಗೆ ಒರಗಿ ಗೊರಕೆ ಹೊಡೀತಿದ್ದವಳು ಯಾರು? ನೀನು ಕೆಳಗೆ ಹೋದ್ರೆ ನನಗೆ ಎದುರಿಗೆ ಯಾರೂ ಇಲ್ಲ. ಗಾಜಿನ ಕೋಣೆಗೆ ಗೊತ್ತಾಗಬಾರದು ಅಂತ ಅಮ್ಮ ನನ್ನನ್ನ ಜೊತೆಗಾತಿ ಬೇಡದ ದಿಂಬಿನ ಚೀಲದ ಕಡೆ ಅಟ್ಟಿ, ತನ್ನ ಪಾಲು ಮುಗಿಸಿ, ನಿನ್ನ ಪಾಲನ್ನೂ ಒಬ್ಬಳೇ ಮಡಿಸ್ತಿದ್ದಳು. ಇಬ್ಬರು ಮಡಿಸೋ ಶೀಟನ್ನ ಒಬ್ಬಳು ಮಡಿಸೋದು ಹೇಗೆ? ಮಧ್ಯಕ್ಕೆ ಗಲ್ಲ ಊರಿ, ಎರಡೂ ಕೈ ಚಾಚಿ. ಬಿಸಿ ಶೀಟು. ಗಲ್ಲದ ಕೆಳಗೆ ಚರ್ಮ ಕೆಂಪಗೆ ಸುಲಿದಿರ್ತಿತ್ತು. “ಮಲಗ್ಲಿ ಬಿಡೇ, ಪಾಪ, ಅವಳು ಏನೋ ಬರೀತಾಳಂತೆ” ಅಂತಿದ್ದಳು. ಹುಡುಗೀರು ಪ್ರೀತಿಗೆ ಇಟ್ಟ ಹೆಸರು ಅದು. ನಿನ್ನ ನಿದ್ದೆಗೆ ಅವಳು ಪಡೆದ ಬಿರುದು.

ಆ ಬಿರುದನ್ನೇ ತೆಗೆದು, ಅವಳೇ ನಿದ್ದೆ ಮಾಡ್ತಿದ್ದಳು ಅಂತ ಊರೆಲ್ಲ ಕೂಗಿಸಿದೆಯಲ್ಲೇ!

ಈಗ ಅಮ್ಮ ಕಿಟಕಿ ಹತ್ರ ಮಲಗಲ್ಲ. ಕುರ್ಚೀಲಿ ಬೆನ್ನು ಕಡ್ಡಿ ಮಾಡ್ಕೊಂಡು ಕೂರ್ತಾಳೆ. ಕಣ್ಣು ಎಳೆದ್ರೆ ಕೈ ಚಿವುಟ್ಕೊಳ್ತಾಳೆ. ಮುಂಗೈಯೆಲ್ಲ ನೀಲಿ. ಒಳಗೆ ಹೋಗಿ ಮಲಗಮ್ಮ ಅಂದ್ರೆ, “ಯಾರಾದ್ರೂ ನೋಡಿದ್ರೆ ಹೌದು ಅಂತಾರೆ” ಅಂತಾಳೆ.

ನಿನ್ನ ಕ್ಷಮೆ ಬೇಡ, ಗೌರವ ಬೇಡ. ಆ ಜಾಗ ಖಾಲಿ ಮಾಡ್ಸು. ನನ್ನಮ್ಮನ ನಿದ್ದೆ ವಾಪಸು ಕೊಡು.

ಗಲ್ಲದಜ್ಜಿಯ ಮಗಳು


ಏಪ್ರಿಲ್ 28

ಎದುರಿನವಳೇ,

ಹೀಗೆ ಕರೆಯುವ ಹಕ್ಕು ಉಳಿದಿದೆಯೋ ಇಲ್ಲವೋ ಗೊತ್ತಿಲ್ಲ. ಬೇರೆ ಹೆಸರು ಬಾಯಿಗೆ ಬರುತ್ತಿಲ್ಲ.

ಹಿಂದಿನ ಕಾಗದವನ್ನು ಹರಿದುಹಾಕು. ಅದನ್ನು ಬರೆದವಳು ಮೇಲಿನ ಮೆಟ್ಟಿಲಲ್ಲಿ ನಿಂತು ಬರೆದಿದ್ದಳು.

ಅಧ್ಯಕ್ಷರು ಯಾರೆಂದು ಕೇಳು. ಗಾಜಿನ ಕೋಣೆಯವನು. ಲಾಂಡ್ರಿಯಿಂದ ಬಡ್ತಿ ಪಡೆಯುತ್ತ ಪಡೆಯುತ್ತ ಈಗ ಊರಿನ ಕಲೆಯನ್ನೆಲ್ಲ ಉದ್ಧಾರ ಮಾಡುವ ಕುರ್ಚಿಗೆ ಬಂದು ಕೂತಿದ್ದಾನೆ. ಉದ್ದನೆಯ ಮೇಜಿನ ಆ ತುದಿಯಲ್ಲಿ ಅವನು, ಈ ತುದಿಯಲ್ಲಿ ನಾನು. “ನಮ್ಮ ಲಾಂಡ್ರಿಯ ಹುಡುಗಿ, ಈಗ ದೊಡ್ಡ ಲೇಖಕಿ” ಎಂದು ಎಲ್ಲರಿಗೂ ಪರಿಚಯ ಮಾಡಿಕೊಟ್ಟ. ಮೇಷ್ಟ್ರು ಆ ಖಾಲಿ ಜಾಗದ ಮಾತೆತ್ತಿದಾಗ ಅವನೇ ಮುಂದಕ್ಕೆ ಬಾಗಿ ನಗುತ್ತ ಕೇಳಿದ: “ಹೇಳಮ್ಮ, ಅಲ್ಲಿ ಯಾರ ಹೆಸರಿತ್ತು?”

ಅವನಿಗೆ ಗೊತ್ತಿತ್ತು. ಅವನಿಗೆ ಗೊತ್ತೆಂದು ನನಗೂ ಗೊತ್ತಿತ್ತು. ಪ್ರತಿ ಕಾದಂಬರಿಯಲ್ಲೂ ಆ ಮನುಷ್ಯನನ್ನು ನಾನು ಸೋಲಿಸಿದ್ದೇನೆ, ಒಂದರಲ್ಲಿ ಲಾರಿಯ ಕೆಳಗೂ ಹಾಕಿದ್ದೇನೆ. ಕಾಗದದ ಮೇಲೆ ನನ್ನಂಥ ಹುಲಿ ಇನ್ನೊಂದಿಲ್ಲ. ಎದುರಿಗೆ ಕೂತು ಕೇಳಿದಾಗ ಮಾತ್ರ ನನ್ನ ನಾಲಿಗೆ ಆ ಕೊನೇ ಮೇಜಿನ ಕೆಳಗೆ ನುಸುಳಿತು. ಮೇಲಿನವನ ಹೆಸರು ನುಂಗಬೇಕಾದರೆ ಕೆಳಗಿನವರ ಹೆಸರೊಂದು ಉಗುಳಬೇಕಿತ್ತು. ಮೊದಲು ಬಾಯಿಗೆ ಬಂದದ್ದು ನನ್ನನ್ನು ಕಾಪಾಡಿದವರ ಹೆಸರೇ. “ಗಲ್ಲದಜ್ಜಿ” ಅಂದೆ. ಎಲ್ಲರೂ ನಕ್ಕರು. ಎಲ್ಲರಿಗಿಂತ ಹೆಚ್ಚು ನಕ್ಕವನು ಅವನು. ನಾನೂ ನಕ್ಕೆ. ಇದೊಂದು ವಾಕ್ಯ ಬರೆಯಲು ಬೆಳಿಗ್ಗೆಯಿಂದ ಕೂತಿದ್ದೇನೆ: ನಾನೂ ನಕ್ಕೆ.

ಮೇಷ್ಟ್ರ ಮನೆಗೆ ಹೋಗಿ ಜಗಳವಾಡಿದೆ. ಮುಖ ಗಂಟಿಕ್ಕಿಕೊಂಡೇ ಒಪ್ಪಿದ. ಪುರಭವನದಲ್ಲಿ ಮಕ್ಕಳು ಆ ಪದ ಹಾಡುವುದಿಲ್ಲ, ಆ ಜಾಗದಲ್ಲಿ ಸುಮ್ಮನೆ ನಿಲ್ಲುತ್ತಾರೆ. ನಾನೇ ಎದುರು ನಿಂತು ಅಭ್ಯಾಸ ಮಾಡಿಸಿದ್ದೇನೆ. ಅಜ್ಜಿಯನ್ನು ಕರೆದುಕೊಂಡು ಬಾ. ಅಲ್ಲಿ ತಮ್ಮ ಹೆಸರಿಲ್ಲ ಎಂದು ಅವರೇ ಕಿವಿಯಾರೆ ಕೇಳಲಿ.

ನಾಚಿಕೆಗೆಟ್ಟ
ಗೀಚುಬುರುಕಿ


ಮೇ 20

ಗೀಚುಬುರುಕಿ,

ಬಂದಿದ್ವಿ. ಹಿಂದಿನ ಸಾಲಲ್ಲಿ ಕೂತಿದ್ವಿ. ಲಾಂಡ್ರಿ ಹುಡುಗೀರೂ ಬಂದಿದ್ರು. ಅಮ್ಮನಿಗೆ ಒಳ್ಳೇ ಬಟ್ಟೆ ಉಡಿಸಿದ್ದೆ, ಮುಂಗೈ ಮುಚ್ಚೋ ಹಾಗೆ.

ನೀನು ಹೇಳಿದ ಹಾಗೇ ಆಯ್ತು. ಮಕ್ಕಳು ‘ಯಾರೇ ಅದು?’ ಅಂದು ಬಾಯಿ ಮುಚ್ಚಿದ್ವು. ಪಾಪ, ಎಷ್ಟು ಚೆನ್ನಾಗಿ ನಿಂತಿದ್ವು.

ಸಭಾಂಗಣ ಪೂರ್ತಿ ಕೂಗ್ತು, ‘ಗಲ್ಲದಜ್ಜಿ!’

ನಿನಗೆ ಅದು ಹೊಳೆದಿರಲಿಲ್ಲ, ಅಲ್ವಾ? ನನಗೂ ಹೊಳೆದಿರಲಿಲ್ಲ. ರೇಡಿಯೋ ಕೇಳಿ ಕೇಳಿ ಎಲ್ಲರಿಗೂ ಬಾಯಿಪಾಠ. ಮಕ್ಕಳು ಬೇಕಂತಲೇ ನಮಗೆ ಬಿಟ್ಟುಕೊಟ್ರು ಅಂದ್ಕೊಂಡು ಖುಷಿಯಿಂದ ಕೂಗಿದ್ರು. ಮಕ್ಕಳನ್ನ ಹೊತ್ತುಕೊಂಡ ಅಪ್ಪಂದಿರು, ಅಜ್ಜಿಯರೂ ಸಹ. ಚಪ್ಪಾಳೆ ಹೊಡೆದು ‘ಇನ್ನೊಂದ್ಸಲ, ಇನ್ನೊಂದ್ಸಲ’ ಅಂದ್ರು. ಇನ್ನೊಂದ್ಸಲವೂ ಹಾಡಿದ್ರು. ಇನ್ನೂ ಜೋರಾಗಿ ಕೂಗಿದ್ರು.

ಆಮೇಲೆ ನೀನು ವೇದಿಕೆ ಹತ್ತಿದೆ. ಮೈಕು ಕಿತ್ಕೊಂಡೆ. “ನಿದ್ದೆ ಮಾಡ್ತಿದ್ದವರು ಗಲ್ಲದಜ್ಜಿ ಅಲ್ಲ! ಅಗೋ, ಆ ಕುರ್ಚೀಲಿ ಕೂತಿದ್ದಾನಲ್ಲ, ಅವನು!” ಅಂತ ಬೆರಳು ತೋರಿಸಿದೆ. ಜನ ಬಿದ್ದು ಬಿದ್ದು ನಕ್ಕರು. ಅದೂ ಕಾರ್ಯಕ್ರಮದಲ್ಲಿ ಇರೋ ತಮಾಷೆ ಅಂದ್ಕೊಂಡ್ರು. ಅವನು ಎದ್ದು ನಿಂತು, ಹೊಟ್ಟೆ ಹಿಡ್ಕೊಂಡು ಬಾಗಿ, ಸುಳ್ಳು ಆಕಳಿಕೆ ಒಂದು ತೆಗೆದ. ಅದಕ್ಕೆ ಇನ್ನಷ್ಟು ಚಪ್ಪಾಳೆ. ಜೀವನದಲ್ಲಿ ಒಂದ್ಸಲ ನೀನು ಅವನ ಮುಖದ ಮೇಲೆ ನಿಜ ಹೇಳಿದೆ, ಅದನ್ನೂ ಅವನು ಬಾಚಿಕೊಂಡ.

ನಿನ್ನ ಮೇಲೆ ಸಿಟ್ಟಿದೆಯಾ ಅಂತ ನನ್ನನ್ನೇ ಕೇಳ್ಕೊಂಡೆ. ಇದೆ. ಆದರೆ ಅಲ್ಲಿ ಬೆರಳು ಚಾಚಿಕೊಂಡು ಒಬ್ಬಳೇ ನಿಂತಿದ್ದೆಯಲ್ಲ, ಅದನ್ನ ನೋಡೋಕಾಗದೆ ತಲೆ ತಗ್ಗಿಸಿದೆ. ಯಾರ ನಾಚಿಕೆ ಅದು, ನಿನ್ನದೋ ನನ್ನದೋ, ಗೊತ್ತಾಗ್ಲಿಲ್ಲ.

ಅಮ್ಮ ನನ್ನ ಕೈ ಹಿಡ್ಕೊಂಡು ಕೇಳಿದಳು, “ಇಷ್ಟೊಂದು ಜನಕ್ಕೆ ನನ್ನ ಹೆಸರು ಹೇಗೇ ಗೊತ್ತು?” ನಾನು ಅವಳ ಕೈ ಬಿಡದೆ ಮನೆಗೆ ಕರ್ಕೊಂಡು ಬಂದೆ. ಬಾಗಿಲು ತೆಗೆದಮೇಲೆ ಅಂದಳು: “ಆ ಗೀಚುಬುರುಕಿಯನ್ನ ಬರೋಕೆ ಹೇಳು. ನನ್ನ ಕಣ್ಣೆದುರು ನಿಂತು ಮಡಿಸ್ಲಿ. ಅವಳು ಕೆಲಸ ಮಾಡೋದನ್ನ ನಾನು ನೆಟ್ಟಗೆ ನೋಡೇ ಇಲ್ಲ.”

ಭಾನುವಾರ ಬಾ. ಭಾಷಣ ತರಬೇಡ.

ಎದುರಿನವಳು


ಜೂನ್ 3

ಎದುರಿನವಳಿಗೆ,

ನಿನ್ನೆ ನಿನ್ನ ಮನೆಯಲ್ಲಿ ನಾವಿಬ್ಬರೂ ಮಾತಾಡಲಿಲ್ಲ. ಅದಕ್ಕೇ ಇದು.

ಭಾಷಣ ತಂದಿದ್ದೆ. ಬಾಗಿಲಲ್ಲಿ ನಿಂತು ಬಾಯಿ ತೆರೆಯುವ ಮೊದಲೇ ನೀನು ಶೀಟಿನ ಎರಡು ಮೂಲೆಗಳನ್ನು ನನ್ನ ಕೈಗೆ ತುರುಕಿ ಹಿಂದಕ್ಕೆ ನಡೆದೆ. ಒಳ್ಳೆಯದಾಯಿತು.

ಅಜ್ಜಿ ಕಿಟಕಿಯ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ, ಗಲ್ಲ ಮೇಲೆತ್ತಿ ಕೂತಿದ್ದರು. ಅವರ ಮುಂಗೈಯನ್ನು ನಾನು ನೋಡಿದೆ. ನೋಡಿದ್ದನ್ನು ಅವರು ನೋಡಿ ಸೆರಗೆಳೆದುಕೊಂಡರು. ನನ್ನ ಕೈಗೆ ಕೆಲಸ ಮರೆತೇಹೋಗಿತ್ತು. ಮೂಲೆ ಜಾರಿ ನೆಲಕ್ಕೆ ಬಿತ್ತು. “ನೋಡೇ, ನಾನು ಹೇಳಲಿಲ್ವಾ, ಇವಳಿಗೆ ಬರಲ್ಲ” ಎಂದು ನಿನಗೆ ಹೇಳಿದರು. “ಹೆಬ್ಬೆರಳು ಒಳಗಿಡೇ. ಬರೆಯೋ ಕೈ ಅಲ್ಲ, ಎರಡೂ ಕೈ!” ಎಂದು ನನಗೆ ಹೇಳಿದರು. ಈ ಜನ್ಮದಲ್ಲಿ ನನಗೆ ಸಿಕ್ಕ ವಿಮರ್ಶೆಗಳಲ್ಲಿ ತಲೆಬಾಗಿ ಒಪ್ಪಿಕೊಂಡದ್ದು ಇದೊಂದೇ.

ನಡುವೆ ಬೀದಿಯಲ್ಲಿ ಮಗುವೊಂದು ಆ ಹಾಡನ್ನು ಹಾಡಿಕೊಂಡು ಹೋಯಿತು. ಎಲ್ಲ ಪದಗಳನ್ನೂ, ಆ ಪದವನ್ನೂ. ಅಜ್ಜಿ ಇನ್ನಷ್ಟು ನೆಟ್ಟಗಾದರು. ನೀನು ಕಿಟಕಿ ಮುಚ್ಚಲಿಲ್ಲ. ನನ್ನ ಮುಖ ನೋಡಿದೆ. ಆ ಹಾಡು ನಾನು ಸತ್ತ ಮೇಲೂ ಹಾಗೇ ಇರುತ್ತದೆ, ಎದುರಿನವಳೇ. ಮೇಷ್ಟ್ರನ್ನು ತಡೆಯಬಹುದು, ರೇಡಿಯೋದವರಿಗೆ ಬರೆಯಬಹುದು, ಬರೆದಿದ್ದೇನೆ ಕೂಡ. ಬೀದಿಯಲ್ಲಿ ಹೋಗುವ ಮಗುವಿನ ಬಾಯಿಯಿಂದ ಅದನ್ನು ಹೇಗೆ ತೆಗೆಯಲಿ? ನನ್ನ ಕೈ ನಿಂತಿತು. “ಮಡಿಸೇ” ಎಂದರು ಅಜ್ಜಿ.

ಮಡಿಸಿದೆವು. ಹತ್ತಿರ ಬಂದು, ದೂರ ಸರಿದು, ಮತ್ತೆ ಹತ್ತಿರ ಬಂದು. ತೋಳು ಸೋಲುತ್ತಿತ್ತು. ನಿಲ್ಲಿಸು ಎನ್ನಲು ನನಗೆ ಬಾಯಿರಲಿಲ್ಲ. ಯಾವಾಗಲೋ ತಿರುಗಿ ನೋಡಿದರೆ ಅಜ್ಜಿಯ ಕತ್ತು ಒಂದು ಪಕ್ಕಕ್ಕೆ ವಾಲಿತ್ತು. ಬಾಯಿ ಸ್ವಲ್ಪ ತೆರೆದಿತ್ತು. ಚಿವುಟಿಕೊಳ್ಳುವ ಕೈ ತೊಡೆಯ ಮೇಲೆ ಸಡಿಲವಾಗಿ ಬಿದ್ದಿತ್ತು.

ಆ ಹೊತ್ತಿಗೆ ನಾವು ಶೀಟು ಕೊಡವಬೇಕಾದ ಜಾಗಕ್ಕೆ ಬಂದಿದ್ದೆವು. ಇಬ್ಬರ ಕೈಯೂ ಮೇಲೆದ್ದಿತ್ತು. ನೀನು ನನ್ನನ್ನು ನೋಡಿದೆ, ನಾನು ನಿನ್ನನ್ನು ನೋಡಿದೆ. ಕೈಗಳನ್ನು ಮೆಲ್ಲಗೆ, ಗಾಳಿಯೂ ಅಲುಗದ ಹಾಗೆ, ಕೆಳಗಿಳಿಸಿದೆವು.

ರಾಶಿ ಮುಗಿಯಿತು. ಇನ್ನು ಹೊರಡಬೇಕೇನೋ ಎಂದು ನಾನು ಬಾಗಿಲ ಕಡೆ ನೋಡಿದೆ. ನೀನು ಮೇಲಿನ ಶೀಟನ್ನು ತೆಗೆದು, ಬಿಡಿಸಿ, ಮತ್ತೆ ನನ್ನ ಕೈಗೆ ಮೂಲೆ ಕೊಟ್ಟೆ.

ಬರುವ ಭಾನುವಾರವೂ ಬರುತ್ತೇನೆ.

ನಿನ್ನ
ಎದುರಿನವಳು